ಮಾವ ಹಾಕಿದ ಬಿಲ್ಲು

ಗುಂಪು: ದಾವಣಗೆರೆ ಮನೆಮಂದಿ

ಮಾವ: (ಬಿಲ್ಲಿನ ಫೋಟೊ) ನಿನ್ನೆ ಪಿ.ಬಿ. ರಸ್ತೆಯ ಹೊಸ ಹೋಟೆಲಿನಲ್ಲಿ ಊಟ. ಸೇವಾ ಶುಲ್ಕವಂತೆ, ಶೇ 10! ಮೂರು ಸಲ ಕೇಳಿದ ಮೇಲೆ ನೀರು ಬಂತು. ರೊಟ್ಟಿ ಬರುವಷ್ಟರಲ್ಲಿ ಪಲ್ಯ ಆರಿ ತಣ್ಣಗಾಗಿತ್ತು. ಆ ಹುಡುಗನಿಗೆ ಒಂದು ರೂಪಾಯಿ ಟಿಪ್ಸ್ ಕೊಡದೆ ಎದ್ದು ಬಂದೆ.

ತಮ್ಮ (ಡಲ್ಲಾಸ್): ಸರಿಯಾಗಿ ಮಾಡಿದಿರಿ ಮಾವ. ಇಲ್ಲಿ ನಾನು ಚೆನ್ನಾಗಿ ನೋಡಿಕೊಂಡವರಿಗೆ ಶೇ 20 ಕೊಡುತ್ತೇನೆ, ಮುಖ ಗಂಟಿಕ್ಕಿದವರಿಗೆ 10. ಕೆಲಸಕ್ಕೆ ತಕ್ಕ ಕೂಲಿ.

ನಾನು: ಮಾವ, ಶುಲ್ಕ ಹಾಕಿದವನು ಮಾಲೀಕ, ಟಿಪ್ಸ್ ಕಳೆದುಕೊಂಡವನು ಹುಡುಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಗಲ್ಲಾದಲ್ಲಿ ಕೇಳಬೇಕಿತ್ತು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಮಾವ: ನೀರು ತರದವನೂ ಮಾಲೀಕನೇ ಏನಮ್ಮಾ?

ಅತ್ತೆ: ಭಾನುವಾರದ ಜನಜಂಗುಳಿ. ಆ ಸಾಲು ಪೂರ್ತಿ ಅವನೊಬ್ಬನೇ ಓಡಾಡುತ್ತಿದ್ದ. ಇವರು ಮೊಬೈಲ್ ನೋಡುತ್ತಿದ್ದರು, ಕಾಣಲಿಲ್ಲ.

ನಾನು: ಅದನ್ನೇ ಹೇಳುತ್ತಿರುವುದು. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನಲ್ಲಿ ನಿಂತು ನೋಡಿ. ಸೌದೆ ಒಲೆ, ಒಂದು ಹಂಚು. ಬೆಂಕಿ ಜೋರು ಮಾಡಿದರೆ ದೋಸೆ ಸೀಯುತ್ತದೆ, ಸಣ್ಣದಾದರೆ ಗರಿಯಾಗುವುದಿಲ್ಲ. ಸಪ್ಲೈಯರ್ ಹಂಚಿನ ಮುಂದೆ ತಟ್ಟೆ ಹಿಡಿದು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿರುತ್ತಾನೆ. ‘ಎಷ್ಟೊತ್ತಯ್ಯಾ’ ಎಂದು ನಾವು ಬೈಯುವುದು ಮಾತ್ರ ಅವನನ್ನು. ತಡವಾದದ್ದು ಒಲೆಯಿಂದ, ಆಳು ಕಡಿಮೆಯಾದದ್ದು ಮಾಲೀಕನಿಂದ, ಅಂಕ ಕಳೆಯುವುದು ಇವನದು. ಪಾತ್ರೆ ತೊಳೆಯುವವರ ಲೆಕ್ಕವಂತೂ ಯಾರೂ ಇಡುವುದಿಲ್ಲ.

ತಮ್ಮ (ಡಲ್ಲಾಸ್): ಹಾಗಾದರೆ ಚುರುಕಾದವನಿಗೂ ಸೋಮಾರಿಗೂ ಒಂದೇ ಹತ್ತು ರೂಪಾಯಿಯೇ ಅಕ್ಕಾ?

ನಾನು: ಚುರುಕಾದವನಿಗೆ ಐವತ್ತು ಕೊಡು, ಬೇಡ ಎಂದವರು ಯಾರು? ನಿಜವಾಗಿ ಒರಟಾಗಿ ನಡೆದುಕೊಂಡರೆ ಮಾಲೀಕನಿಗೆ ಬಾಯಿ ಬಿಟ್ಟು ಹೇಳು. ನಿನ್ನ ಊರಿನ ಲೆಕ್ಕವೇ ಬೇರೆ. ಟೆಕ್ಸಸ್‌ನಲ್ಲಿ ಟಿಪ್ಸ್ ಪಡೆಯುವವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಯೂ ಗಂಟೆಗೆ 7.25 ಡಾಲರಿನ ಕನಿಷ್ಠ ಕೂಲಿ ಮುಟ್ಟದಿದ್ದರೆ ಉಳಿದದ್ದನ್ನು ಅವನು ತುಂಬಬೇಕು. ಅಂದರೆ ನೀನು ಶೇ 10ಕ್ಕೆ ಇಳಿಸಿದಾಗ ಕತ್ತರಿಸುವುದು ಅವರ ಸಂಬಳವನ್ನೇ. ಅದೂ ಮುಖ ನೋಡಿ!

ದೊಡ್ಡಮ್ಮ: ಈಗ ಟಿಪ್ಸ್ ಕೊಡುವವರಾದರೂ ಎಲ್ಲಿದ್ದಾರೆ? ಮೊದಲು ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬರುತ್ತಿತ್ತು, ಹತ್ತರ ನೋಟು ಅಲ್ಲೇ ಬಿಟ್ಟು ಏಳುತ್ತಿದ್ದೆವು. ಈಗ ಎಲ್ಲರೂ ಮೊಬೈಲ್ ತೋರಿಸುತ್ತಾರೆ, ದುಡ್ಡು ನೇರ ಮಾಲೀಕನ ಖಾತೆಗೆ.

ನಾನು: ಸರಿಯಾದ ಮಾತು ದೊಡ್ಡಮ್ಮ. ಅದಕ್ಕೇ ನಾನು ಪರ್ಸಿನಲ್ಲಿ ಹತ್ತಿಪ್ಪತ್ತರ ನೋಟು ಇಟ್ಟುಕೊಂಡಿರುತ್ತೇನೆ. ಕೈಗೇ ಕೊಡುತ್ತೇನೆ. ಮಾವ, ಬಿಲ್ಲು ಇದೆಯಲ್ಲ, ನಾಳೆ ಹೋಗಿ ಆ ಶುಲ್ಕ ವಾಪಸ್ ಕೇಳಿ.

ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ: ಅಳಿಸಿದರೂ ನಾನು ಓದಿಯಾಯಿತು. ಗಲ್ಲಾದಲ್ಲಿ ಕುಳಿತಿದ್ದವರು ನಮ್ಮ ಬೀಗರ ಕಡೆಯವರು. ಇವರಿಗೆ ಕೇಳಲು ಬಾಯಿಯೇ ಬರಲಿಲ್ಲ.

ತಮ್ಮ (ಡಲ್ಲಾಸ್): 1915ಕ್ಕೆ ನಾನೇ ಇಲ್ಲಿಂದ ದೂರು ಕೊಡಲೇ ಮಾವ?

ಮಾವ: ಸುಮ್ಮನಿರಪ್ಪಾ. ದೀಪಾವಳಿಗೆ ಅವರ ಮನೆಗೆ ಊಟಕ್ಕೆ ಹೋಗುವುದಿದೆ.