ಸಹಾಯ ಬೇಕು: ಶಿಕ್ಷಕರ ಬೇಸಿಗೆ ಕಲಾ ಕಾರ್ಯಾಗಾರಕ್ಕೆ ಬೇಗ ಒಣಗುವ ಮುಖವಾಡ

ನಮಸ್ಕಾರ. ಪ್ರಾಥಮಿಕ ಶಾಲೆಯ 30 ಶಿಕ್ಷಕರಿಗೆ 3 ದಿನದ ಕಲಾ ಕಾರ್ಯಾಗಾರ ಯೋಜಿಸುತ್ತಿದ್ದೇವೆ. ಇಲ್ಲಿ ಕಲಿತದ್ದು 40 ನಿಮಿಷದ ಪೀರಿಯಡ್‌ಗೆ ಹೊಂದಲೇಬೇಕು. ತೊಡಕಾಗಿರುವುದು ಕಾಗದದ ಮುಖವಾಡ.

ಈಗಿನ ವಿಧಾನ: 1 ಲೋಟ ಮೈದಾವನ್ನು 1 ಲೋಟ ತಣ್ಣೀರಿನಲ್ಲಿ ಕದಡಿ, ಕುದಿಯುವ 4 ಲೋಟ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಅಂಟು ಮಾಡುವುದು. ಒಣ ಮೈದಾ ನೇರ ಬಿಸಿನೀರಿಗೆ ಬಿದ್ದರೆ ಗಂಟು ಕಟ್ಟುತ್ತದೆ. ದಿನಪತ್ರಿಕೆಯನ್ನು 2–3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕೈಯಲ್ಲೇ ಹರಿದು (ಕತ್ತರಿಸಿದ ಅಂಚು ಎದ್ದು ಕಾಣುತ್ತದೆ), ಬಲೂನಿನ ಅರ್ಧಭಾಗಕ್ಕೆ 4 ಪದರ ಅಂಟಿಸುವುದು.

ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಹೊರಪದರ ಮೊದಲು ಒಣಗಿ ತೇವ ಒಳಗೇ ಉಳಿಯುತ್ತದೆ. ಆಮೇಲೆ ಬೂಸ್ಟು, ಸೊಟ್ಟ ಅಂಚು. ಬಿಸಿಲಿಗಿಟ್ಟರೆ ಬಲೂನಿನ ಗಾಳಿ ಹಿಗ್ಗಿ ಹಸಿ ಕಾಗದ ಬಿರಿಯುತ್ತದೆ, ತಂಪಾದಾಗ ಬಲೂನು ಕುಗ್ಗಿ ಆಕಾರ ಕೆಡುತ್ತದೆ. ಎರಡೆರಡು ಪದರ ಹಾಕಿ ನೆರಳಲ್ಲಿ ಗಾಳಿಗೆ ಒಣಗಿಸಿದರೆ ಚೆನ್ನಾಗಿಯೇ ಬರುತ್ತದೆ, ಆದರೆ ಬಣ್ಣ ಹಚ್ಚುವಷ್ಟರಲ್ಲಿ ಮೂರನೇ ದಿನ ಮುಗಿದಿರುತ್ತದೆ. ಮುಖವಾಡ ತೊಟ್ಟು ಪಾಠದ ಪಾತ್ರವಾಗಿ ಮಾತಾಡುವುದಕ್ಕೆ ಹೊತ್ತೇ ಇರುವುದಿಲ್ಲ. ಶಿಕ್ಷಕರು ತರಗತಿಗೆ ಒಯ್ಯಬೇಕಾದದ್ದು ಅದನ್ನೇ.

ಬಲೂನಿನ ಬದಲು ಹಿಗ್ಗದ, ಕುಗ್ಗದ, ಕಾಗದ ಅಂಟಿಕೊಳ್ಳದ ಅಚ್ಚು ಯಾವುದು? ಅಂಟೇ ಬೇಡದ, ರಟ್ಟು ಸೀಳಿ ಮಡಿಸಿ ಉಬ್ಬು ತರುವ ವಿಧಾನ ಯಾರಾದರೂ ಮಾಡಿಸಿದ್ದೀರಾ? ಸೀಳು ಎಷ್ಟು ಉದ್ದ, ಎಲ್ಲೆಲ್ಲಿ?

ಇನ್ನೊಂದು: ಮಾದರಿ ತೋರಿಸಿದರೆ ಎಲ್ಲರದೂ ಅದರ ನಕಲಾಗುತ್ತದೆ, ತೋರಿಸದಿದ್ದರೆ ಅರ್ಧ ಜನ ಸುಮ್ಮನೆ ಕೂರುತ್ತಾರೆ. ಮೊದಲ 10 ನಿಮಿಷ ಏನು ಮಾಡಿಸುತ್ತೀರಿ? ದಯವಿಟ್ಟು ಅಳತೆ, ಸಮಯದ ಸಮೇತ ತಿಳಿಸಿ.