ಕಪ್ಪೋ ಬಿಳಿಯೋ: ನಮ್ಮ ಮನೆ ಗುಂಪಿನ ಹೊದಿಕೆ ಜಗಳ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬೆಳಗಿನ ಗುಲಾಬಿ ಹೂವು, ಯಾರದೋ ಗೃಹಪ್ರವೇಶದ ಕರೆಯೋಲೆ, ಮಾವನ ಫಾರ್ವರ್ಡ್, ಇಷ್ಟೇ ಇರುತ್ತವೆ. ಕಳೆದ ಆಗಸ್ಟ್‌ನಲ್ಲಿ ಹನ್ನೊಂದು ದಿನ ಮಾತ್ರ ಬೇರೆ ಏನೂ ನಡೆಯಲಿಲ್ಲ. ಅಜ್ಜಿ ಕ್ರೋಶಾ ಹಾಕಿದ 80 ಚೌಕಗಳನ್ನು ಯಾವ ಬಣ್ಣದ ದಾರದಲ್ಲಿ ಕೂಡಿಸಬೇಕು ಅನ್ನುವುದೇ ಮಾತು.

ವಿಷಯ ಸಣ್ಣದು. ಟೊರೊಂಟೊದಲ್ಲಿರುವ ಅಕ್ಕನಿಗೆ ನವೆಂಬರ್ ಮೊದಲ ವಾರ ಹೆರಿಗೆ. ಅಜ್ಜಿ ಎರಡು ವರ್ಷದಿಂದ ಮನೆಯಲ್ಲಿ ಉಳಿದ ಉಲ್ಲನ್ ಉಂಡೆಗಳನ್ನೆಲ್ಲ ಸೇರಿಸಿ ಚೌಕ ಹಾಕುತ್ತಿದ್ದರು. ಮಾವನ ಶಾಲೆಯ ಸ್ವೆಟರಿನ ಮರೂನ್, ನನ್ನ ಕುಲಾವಿಯ ಗಿಳಿ ಹಸಿರು, ಯಾರದೋ ಮಫ್ಲರಿನ ಅರಿಶಿನ, ಎಲ್ಲ ಅದರಲ್ಲಿವೆ. ಒಂದೊಂದಕ್ಕೂ ನಡುವಿನಿಂದ ಹೊರಕ್ಕೆ ಮೂರು ಸುತ್ತು ಆಗಿದೆ. ನಾಲ್ಕನೇ ಸುತ್ತು ಎಲ್ಲಕ್ಕೂ ಒಂದೇ ಬಣ್ಣ, ಅದೇ ಬಣ್ಣದಲ್ಲಿ ಕೂಡಿಸುವುದು. ಆಗ ಒಂದು ಚೌಕ 4 ಇಂಚು. ಅಡ್ಡಕ್ಕೆ 8, ಉದ್ದಕ್ಕೆ 10. ಅಂದರೆ 32 ಇಂಚಿಗೆ 40 ಇಂಚಿನ ಹೊದಿಕೆ.

ನನ್ನ ಫೋನಿನಲ್ಲಿ ಎಲ್ಲರೂ ಊರಿನ ಹೆಸರಲ್ಲೇ ಸೇವ್ ಆಗಿದ್ದಾರೆ. ಹಾಗೇ ಕೊಡುತ್ತೇನೆ. ಮಧ್ಯದ ಸ್ಟಿಕರ್‌ಗಳನ್ನು, ಯಾರದೋ ತಪ್ಪಿ ಬಂದ ಕರೆಂಟ್ ಬಿಲ್ಲನ್ನು ತೆಗೆದಿದ್ದೇನೆ.

ದಾವಣಗೆರೆ ಅತ್ತೆ: ಫೋಟೋ ಹಾಕಿದ್ದೇನೆ. ಮಂಚದ ಮೇಲೆ ಹರಡಿದ್ದೇವೆ. ಕೂಡಿಸಲು ಯಾವ ಬಣ್ಣ ತರಲಿ? ನಾಳೆ ಅಂಗಡಿ ಕಡೆ ಹೋಗುತ್ತೇನೆ.

ಟೊರೊಂಟೊ ಅಕ್ಕ: ಅಯ್ಯೋ ಎಷ್ಟು ಚೆನ್ನಾಗಿದೆ! ಅತ್ತೆ, ತಿಳಿ ಬೂದು ಆಗಬಹುದಾ? ಮಗುವಿನ ಕೋಣೆ ಪೂರ್ತಿ ಬೂದು ಮತ್ತು ಕೆನೆ ಬಣ್ಣ.

ಹುಬ್ಬಳ್ಳಿ ದೊಡ್ಡಮ್ಮ: ಬೂದಿನಾ? ಹುಟ್ಟುವುದು ಮಗುವೋ ಸನ್ಯಾಸಿಯೋ?

ಶಿವಮೊಗ್ಗ ಚಿಕ್ಕಮ್ಮ: ಅತ್ತಿಗೆ, ಕಣ್ಣು ಮುಚ್ಚಿ ಕಪ್ಪು ತನ್ನಿ.

ಇಷ್ಟಾದ ಮೇಲೆ ಏಳು ನಿಮಿಷ ಯಾರೂ ಮಾತಾಡಲಿಲ್ಲ. ಮೇಲೆ ದೊಡ್ಡಮ್ಮ ಟೈಪ್ ಮಾಡುತ್ತಿರುವುದು ಮಾತ್ರ ಕಾಣುತ್ತಿತ್ತು.

ಹುಬ್ಬಳ್ಳಿ ದೊಡ್ಡಮ್ಮ: ಚೊಚ್ಚಲ ಮಗುವಿಗೆ ಕಪ್ಪು ಹೊದಿಸುತ್ತಾರೇನೇ? ತೊಟ್ಟಿಲಿಗೆ ಹಾಕುವ ದಿನ ಕಪ್ಪು ಬಟ್ಟೆ ತೆಗೆದರೆ ನೋಡಿದವರು ಏನು ಅನ್ನುತ್ತಾರೆ?

ಶಿವಮೊಗ್ಗ ಚಿಕ್ಕಮ್ಮ: ಅಕ್ಕ, ಅದೇ ತೊಟ್ಟಿಲ ದಿನ ಮಗುವಿನ ಕೈಗೆ ಕರಿಬಳೆ ಹಾಕುವವಳು ನೀನೇ. ಕೆನ್ನೆಗೆ ಕಾಡಿಗೆ ಬೊಟ್ಟು ಇಡುವವಳೂ ನೀನೇ. ನಿನ್ನ ಕೊರಳಲ್ಲಿರುವ ಕರಿಮಣಿ ಏನು ಕೆಂಪಾ?

ಹುಬ್ಬಳ್ಳಿ ದೊಡ್ಡಮ್ಮ: ಬೊಟ್ಟು ಬೇರೆ, ಬಟ್ಟೆ ಬೇರೆ.

ಶಿವಮೊಗ್ಗ ಚಿಕ್ಕಮ್ಮ: ಕಂಬಳಿ ಬಟ್ಟೆ ಅಲ್ವಾ? ಚಳ್ಳಕೆರೆಯ ಕರಿ ಕಂಬಳಿ ನಿಮ್ಮ ಮನೆ ಅಟ್ಟದಲ್ಲೇ ಇದೆ. ಅದಕ್ಕೆ ಯಾರೂ ಬಣ್ಣ ಹಾಕಿಲ್ಲ, ಕುರಿಯ ಉಣ್ಣೆಯೇ ಆ ಬಣ್ಣ. ಅದರ ಮೇಲೆ ದೇವರನ್ನೇ ಕೂರಿಸುತ್ತಾರೆ.

ಚಿಕ್ಕಮ್ಮನ ವಾದಕ್ಕೆ ಹಿನ್ನೆಲೆ ಇದೆ. ಅವರು ಹದಿನೈದು ವರ್ಷದಿಂದ ಸೀರೆಗೆ ಕ್ರೋಶಾ ಕುಚ್ಚು ಹಾಕುತ್ತಾರೆ. ಸೀರೆ ಕೈಗೆ ಬಂದ ತಕ್ಷಣ ಸೆರಗು ಬಿಡಿಸಿ, ದಾರದ ರೀಲನ್ನು ಅಂಚಿನ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಬಣ್ಣದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ. ಅಂದರೆ ಆಗಸ್ಟ್‌ವರೆಗೆ ಹಾಗಿತ್ತು.

ಶಿವಮೊಗ್ಗ ಚಿಕ್ಕಮ್ಮ: ನೋಡಿ, ಕೂಡಿಸುವ ಬಣ್ಣ ಅಂದರೆ ಗೋಡೆ ಇದ್ದ ಹಾಗೆ. ಚೌಕಗಳು ಫೋಟೋ ಇದ್ದ ಹಾಗೆ. ಇಷ್ಟೊಂದು ಬಣ್ಣ ಇರುವಾಗ ಬಿಳಿ ಹಾಕಿದರೆ ತಿಳಿ ಗುಲಾಬಿ, ತಿಳಿ ಹಳದಿ ಎಲ್ಲ ಕರಗಿ ಹೋಗುತ್ತವೆ. ಕಪ್ಪು ಹಾಕಿ, ಒಂದೊಂದೂ ದೀಪ ಹಚ್ಚಿದ ಹಾಗೆ ಕಾಣುತ್ತದೆ.

ಅಮ್ಮ: ನನ್ನದೂ ಒಂದು ಮಾತು. ಹಸಿರು ಹಾಕಬಹುದಲ್ಲ? ಸೀಮಂತಕ್ಕೂ ಹಸಿರು ಸೀರೆ, ಹಸಿರು ಬಳೆಯೇ ಕೊಟ್ಟಿದ್ದು.

ದಾವಣಗೆರೆ ಮಾವ: ನವೆಂಬರ್ ಮೊದಲ ವಾರ ಹುಟ್ಟುವ ಮಗು. ಒಂದನೇ ತಾರೀಖೇ ಹುಟ್ಟಿದರೆ? ಹಳದಿ ಮತ್ತು ಕೆಂಪು ಬಿಟ್ಟು ಬೇರೆ ಯೋಚನೆಯೇ ಬೇಡ. ಮೇಲಿನ ಅರ್ಧ ಹಳದಿಯಲ್ಲಿ ಕೂಡಿಸಿ, ಕೆಳಗಿನ ಅರ್ಧ ಕೆಂಪಿನಲ್ಲಿ.

ಟೊರೊಂಟೊ ಅಕ್ಕ: ಮಾವ, ಅದು ಹೊದಿಕೆ, ಧ್ವಜ ಅಲ್ಲ.

ದಾವಣಗೆರೆ ಮಾವ: ಸರಿ, ಪೋಲ್ ಹಾಕುತ್ತೇನೆ.

ಪೋಲ್ ಹಾಕಿದರು. ಕಪ್ಪು 3, ಬಿಳಿ 3, ಬೂದು 2, ಹಸಿರು 1, ಹಳದಿ ಕೆಂಪು 4. ಗುಂಪಿನಲ್ಲಿ ಇರುವುದೇ ಹನ್ನೊಂದು ಜನ. ಒಬ್ಬರು ಎಷ್ಟು ಬಣ್ಣ ಬೇಕಾದರೂ ಒತ್ತುವ ಹಾಗೆ ಬಿಟ್ಟಿದ್ದರು ಮಾವ. ಅದರ ಜೊತೆಗೇ ಒಂದು ಫಾರ್ವರ್ಡ್ ಕೂಡ: ಚೆನ್ನೈನಲ್ಲಿ 2016ರ ಜನವರಿ 31ರಂದು ಹೆಂಗಸರೆಲ್ಲ ಸೇರಿ 11,148.5 ಚದರ ಮೀಟರ್ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು ಅಂತ. ಮಾವನ ಫಾರ್ವರ್ಡ್‌ಗಳಲ್ಲಿ ನಿಜವಾದದ್ದು ಅಪರೂಪ. ಇದು ನಿಜ.

ದಾವಣಗೆರೆ ಅತ್ತೆ: ಅವರು ಮೈದಾನ ತುಂಬ ಕೂಡಿಸಿದರು. ನಮಗೆ ಒಂದು ಮಂಚದಗಲ ಕೂಡಿಸಲು ಆಗುತ್ತಿಲ್ಲ. ನಾನು ಹೇಳುವುದು ಇಷ್ಟೇ. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದ ಮೇಲೆ ನೀವು ಯಾವ ಬಣ್ಣ ಹಾಕಿದ್ದರೂ ಕಾಫಿ ಬಣ್ಣವೇ.

ಆಗ ಡಾಕ್ಟರ್ ಅಣ್ಣ ಬಂದ. ಅವನು ಗುಂಪಿಗೆ ಬರುವುದೇ ರಾತ್ರಿ ಹನ್ನೊಂದರ ಮೇಲೆ.

ಮೈಸೂರು ಡಾಕ್ಟರ್ ಅಣ್ಣ: ಎಲ್ಲರೂ ಓದಿ. ಮೊದಲ ಕೆಲವು ವಾರ ಮಗುವಿಗೆ ಸುಮಾರು 8ರಿಂದ 10 ಇಂಚು ದೂರದ್ದು ಮಾತ್ರ ಒಂದಿಷ್ಟು ಚೆನ್ನಾಗಿ ಕಾಣುತ್ತದೆ. ಬಣ್ಣಕ್ಕಿಂತ ಕಪ್ಪು ಬಿಳುಪಿನ ವ್ಯತ್ಯಾಸ ಬೇಗ ತಿಳಿಯುತ್ತದೆ. ಬಣ್ಣಗಳು ಚೆನ್ನಾಗಿ ಕಾಣಲು ಸುಮಾರು 5 ತಿಂಗಳು ಬೇಕು. ಹಾಗಾಗಿ ನೀವು ಜಗಳ ಆಡುತ್ತಿರುವುದು ನಿಮಗಾಗಿ, ಮಗುವಿಗಾಗಿ ಅಲ್ಲ.

ಶಿವಮೊಗ್ಗ ಚಿಕ್ಕಮ್ಮ: ನೋಡಿದ್ರಾ? ಡಾಕ್ಟರೇ ಕಪ್ಪು ಅಂದರು.

ಮೈಸೂರು ಡಾಕ್ಟರ್ ಅಣ್ಣ: ನಾನು ಹಾಗೆ ಅನ್ನಲಿಲ್ಲ ಚಿಕ್ಕಮ್ಮ. ಇನ್ನೊಂದು ಮುಖ್ಯವಾದದ್ದು. ಒಂದು ವರ್ಷ ಆಗುವ ತನಕ ಮಲಗುವ ತೊಟ್ಟಿಲಲ್ಲಿ ಸಡಿಲ ಹೊದಿಕೆ ಬೇಡವೇ ಬೇಡ, ಯಾವ ಬಣ್ಣದ್ದಾದರೂ. ಇದನ್ನು ನೆಲಕ್ಕೆ ಹಾಸಿ, ಮಗುವನ್ನು ಹೊಟ್ಟೆ ಮೇಲೆ ಮಲಗಿಸಿ ಆಡಿಸಿ, ಹತ್ತಿರವೇ ಕೂತಿರಿ. ಬೆರಳು ಸಿಕ್ಕಿಕೊಳ್ಳುವ ಹಾಗೆ ತೂತು ದೊಡ್ಡದಾಗಿರಬಾರದು. ಹಿಂದೆ ದಾರದ ತುದಿ ಬಿಡಬಾರದು.

ಹುಬ್ಬಳ್ಳಿ ದೊಡ್ಡಮ್ಮ: ನಿನ್ನನ್ನು ಕೌದಿಯಲ್ಲೇ ಸುತ್ತಿ ಬೆಳೆಸಿದ್ದು. ಡಾಕ್ಟರ್ ಆದೆ.

ಈ ಮಾತಿಗೆ ಅಣ್ಣ ಹೆಬ್ಬೆರಳು ಒತ್ತಿ ಮಲಗಲು ಹೋದ. ಜಗಳ ಮುಂದುವರಿಯಿತು. ಐದನೇ ದಿನದ ಹೊತ್ತಿಗೆ ಚೌಕಗಳಲ್ಲಿ ಯಾವ ಬಣ್ಣ ಇದೆ ಅನ್ನುವುದರ ಮೇಲೇ ಒಮ್ಮತ ಇಲ್ಲ. ಚಿಕ್ಕಮ್ಮ ಮರೂನ್ ಅಂದದ್ದು ದೊಡ್ಡಮ್ಮನಿಗೆ ಬದನೆಕಾಯಿ ಬಣ್ಣ. ಅಕ್ಕನಿಗೆ ಬಿಳಿ ಕಂಡದ್ದು ಮಾವನಿಗೆ ತುಪ್ಪದ ಬಣ್ಣ.

ದಾವಣಗೆರೆ ಮಾವ: ಎಲ್ಲವೂ ಹಳದಿ ಹೊಡೆಯುತ್ತಿದೆಯಲ್ರೀ. ಬಿಳಿ ಎಲ್ಲಿದೆ ಇದರಲ್ಲಿ?

ದಾವಣಗೆರೆ ಅತ್ತೆ: ಇವರ ಫೋನಿನಲ್ಲಿ ಕಣ್ಣಿಗೆ ತಂಪು ಅಂತ ಒಂದು ಸೆಟ್ಟಿಂಗ್ ಆನ್ ಆಗಿದೆ. ಈಗ ತಾನೇ ನೋಡಿದೆ. ಯುಗಾದಿಯಿಂದ ಹಾಗೇ ಇದೆಯಂತೆ.

ಮಾವನ ಹಳದಿ ಕೆಂಪಿಗೆ ಬಂದಿದ್ದ ನಾಲ್ಕು ವೋಟು ಅಲ್ಲಿಗೆ ಬಿದ್ದುಹೋಯಿತು. ಪರದೆಯ ಮೇಲೆ ದಾರದ ಬಣ್ಣ ಆರಿಸಬಾರದು ಅಂತ ನನಗೂ ಆಗಲೇ ಅನ್ನಿಸಿದ್ದು. ನಾನು ಕ್ರೋಶಾದಲ್ಲಿ ಚೈನು ಬಿಟ್ಟು ಹೆಚ್ಚೇನೂ ಕಲಿತವಳಲ್ಲ. ಆದರೆ ಒಂದು ಉಪಾಯ ಗೊತ್ತಿತ್ತು. ಹಗಲಿನ ಬೆಳಕಿನಲ್ಲಿ ಹೊಸ ಫೋಟೋ ತೆಗೆಯಲು ಅತ್ತೆಗೆ ಹೇಳಿದೆ. ಅದನ್ನು ಕಪ್ಪು ಬಿಳುಪು ಮಾಡಿ ಗುಂಪಿಗೆ ಹಾಕಿದೆ. ಬಣ್ಣ ತೆಗೆದರೆ ಯಾವುದು ಗಾಢ, ಯಾವುದು ತಿಳಿ ಅನ್ನುವುದಷ್ಟೇ ಉಳಿಯುತ್ತದೆ. ಮರೂನ್, ಎಲೆ ಹಸಿರು, ಕಡುನೀಲಿ ಬಣ್ಣಗಳು ಬೇರೆ ಬೇರೆ ಅಂತ ನಾವು ಅಂದುಕೊಂಡರೂ ಕಪ್ಪು ಬಿಳುಪಿನಲ್ಲಿ ಮೂರೂ ಒಂದೇ ಮಸಿ.

ನಾನು: ಎಣಿಸಿದೆ. 80ರಲ್ಲಿ 47 ಚೌಕದ ಹೊರಸುತ್ತು ಗಾಢವಾಗಿದೆ. ಅವುಗಳ ಪಕ್ಕ ಕಪ್ಪು ಹಾಕಿದರೆ ಗೋಡೆಯೂ ಕಪ್ಪು, ಚೌಕಟ್ಟೂ ಕಪ್ಪು. ಚಿಕ್ಕಮ್ಮ, ನೀವು ಹೇಳಿದ್ದು ಸರಿ, ಆದರೆ ಚೌಕದ ಹೊರಸುತ್ತು ತಿಳಿ ಇದ್ದಾಗ.

ಶಿವಮೊಗ್ಗ ಚಿಕ್ಕಮ್ಮ: ತಡಿ.

ಶಿವಮೊಗ್ಗ ಚಿಕ್ಕಮ್ಮ: ಹೌದು.

ಚಿಕ್ಕಮ್ಮ ಗುಂಪಿನಲ್ಲಿ "ಹೌದು" ಅಂದದ್ದನ್ನು ನಾನು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಆದರೆ ಅದೇ ಹಗಲಿನ ಫೋಟೋವನ್ನು ಅವರು ದೊಡ್ಡದು ಮಾಡಿ ನೋಡಿದರು. ಅಲ್ಲಿಂದ ಜಗಳ ಬೇರೆ ದಾರಿ ಹಿಡಿಯಿತು.

ಶಿವಮೊಗ್ಗ ಚಿಕ್ಕಮ್ಮ: ಅತ್ತಿಗೆ, ಬಲಗಡೆ ಮೂರನೇ ಸಾಲು ನೋಡಿ. ಒಂದೇ ಸುತ್ತಿನಲ್ಲಿ ಅರ್ಧ ಕಪ್ಪು, ಅರ್ಧ ಕಡುನೀಲಿ. ಅಮ್ಮ ಎಂದೂ ಹೀಗೆ ಹಾಕಿದವಳಲ್ಲ.

ದಾವಣಗೆರೆ ಅತ್ತೆ: ಅಂಥವು 14 ಇವೆ. ಕೆಲವದರಲ್ಲಿ ಬಿಳಿಯ ಜೊತೆ ಹಳದಿ ಸೇರಿದೆ. ಎಲ್ಲ ಹೋದ ಚಳಿಗಾಲದಲ್ಲಿ ಹಾಕಿದ್ದು.

ಹೋದ ಚಳಿಗಾಲ ಅಂದರೆ ಅಜ್ಜಿಯ ಕಣ್ಣಿನ ಪೊರೆ ಬಲಿತಿದ್ದ ಸಮಯ. ಒಂದು ಕಣ್ಣಿಗೆ ಜೂನ್‌ನಲ್ಲಿ, ಇನ್ನೊಂದಕ್ಕೆ ಜುಲೈನಲ್ಲಿ ಆಪರೇಷನ್ ಆಯಿತು. ಪೊರೆ ಬೆಳೆದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕು ಒಳಗೆ ಸರಿಯಾಗಿ ಹೋಗುವುದಿಲ್ಲ, ಅದಕ್ಕೇ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ ಅಂತ ಅಣ್ಣ ಬರೆದ. ಈ ಸಲ ಯಾರೂ ಅವನಿಗೆ ಎದುರು ಹೇಳಲಿಲ್ಲ.

ಟೊರೊಂಟೊ ಅಕ್ಕ: ಆ 14ನ್ನು ದಯವಿಟ್ಟು ಮುಟ್ಟಬೇಡಿ. ನನಗೆ ಅವೇ ಬೇಕು. ಮಧ್ಯದಲ್ಲಿ ಹಾಕಿ. ಬೂದು ಬೇಡ, ಏನಾದರೂ ಹಾಕಿ.

ಹುಬ್ಬಳ್ಳಿ ದೊಡ್ಡಮ್ಮ: ಕಣ್ಣು ಕಾಣದೇ ಇದ್ದರೂ ಮರಿಮಗುವಿಗೆ ಅಂತ ಹಾಕಿದ್ದಾಳೆ. ಬಿಚ್ಚುವ ಮಾತು ಆಡಬೇಡಿ.

ಶಿವಮೊಗ್ಗ ಚಿಕ್ಕಮ್ಮ: ನಾನಂತೂ ಬಿಚ್ಚುವುದಿಲ್ಲ.

ಅಮ್ಮ: ಅವನ್ನು ನೋಡಿದರೆ ಅಳು ಬರುತ್ತದೆ.

ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ಎಲ್ಲರದೂ ಒಂದೇ ಮಾತು. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಮಾವ ಆ ಚೌಕಗಳಿಗೆ ಫ್ರೇಮ್ ಹಾಕಿಸುವ ತನಕ ಹೋದರು. ಅತ್ತೆ ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿರಬೇಕು. ಸಂಜೆ ಮಾವನ ಫೋನಿನಿಂದ ಒಂದು ವಾಯ್ಸ್ ಮೆಸೇಜ್ ಬಂತು, 1 ನಿಮಿಷ 12 ಸೆಕೆಂಡ್. ಮೊದಲ ಹತ್ತು ಸೆಕೆಂಡ್ "ಮಾತಾಡಲಾ? ಒತ್ತಿದೆಯಾ?" ಅಷ್ಟೇ. ಆಮೇಲೆ ಅಜ್ಜಿ:

"ಏನೋ ಫ್ರೇಮ್ ಅಂತೀರಂತೆ. ನನ್ನ ಕಣ್ಣು ಸರಿ ಇರಲಿಲ್ಲ ಅನ್ನುವುದನ್ನು ಆ ಮಗುವಿಗೆ ಯಾಕೆ ಹೊದಿಸುತ್ತೀರಿ? ತಪ್ಪು ಹಾಕಿದ್ದೇನೆ, ಬಿಚ್ಚಿ. ಅಷ್ಟೂ ದಾರ ಗಟ್ಟಿ ಇದೆ. ಈಗ ಕಣ್ಣು ಬಂದಿದೆ, ಹದಿನಾಲ್ಕು ಹಾಕಲು ನನಗೆ ಒಂದು ವಾರ ಸಾಕು. ಕೂಡಿಸಲು ಬಿಳಿ ತನ್ನಿ. ಕೆನೆ ಬೇಡ, ಹಾಲು ಬೇಡ, ಬಿಳಿ. ಮೊನ್ನೆ ಪಂಚೆ ಒಣಗಲು ಹಾಕಿದ್ದನ್ನು ನೋಡಿದೆ, ಅಷ್ಟು ಬಿಳಿ. ಇಷ್ಟು ವರ್ಷ ನಮ್ಮ ಮನೆ ಗೋಡೆಯೂ ಹಳದಿ ಅಂದುಕೊಂಡಿದ್ದೆ. ಕಪ್ಪು ಬೇಕು ಅಂದವಳು ಯಾರು, ಸಣ್ಣವಳಾ? ಒಂದೇ ಒಂದು ಚೌಕ ಪೂರ್ತಿ ಕಪ್ಪು ಹಾಕಿ ಮೂಲೆಗೆ ಕೂಡಿಸುತ್ತೇನೆ. ದೃಷ್ಟಿ ಬೊಟ್ಟು ಆಯಿತು. ಇಷ್ಟು ಜನ ಬಣ್ಣ ಹೇಳಿದಿರಿ, ದಾರಕ್ಕೆ ದುಡ್ಡು ಯಾರೂ ಕಳಿಸಲಿಲ್ಲ."

ಮೂರು ನಿಮಿಷದಲ್ಲಿ ಅತ್ತೆಗೆ ಐದು ಜನ ದುಡ್ಡು ಕಳಿಸಿದರು. ದೊಡ್ಡಮ್ಮ ಮಾತ್ರ ಮೂಲೆಯ ಕಪ್ಪು ಚೌಕ ಎಡಗಡೆಯೋ ಬಲಗಡೆಯೋ ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಲೆಕ್ಕ ನಾನೇ ಹಾಕಿಕೊಟ್ಟೆ. ಅತ್ತೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಚೌಕ ತೂಗಿದರು, ನಾಲ್ಕನೇ ಸುತ್ತು ಹಾಕಿ, ಪಕ್ಕದ್ದಕ್ಕೆ ಕೂಡಿಸಿ ಮತ್ತೆ ತೂಗಿದರು. ಸುಮಾರು 3 ಗ್ರಾಂ ವ್ಯತ್ಯಾಸ. 80 ಚೌಕಕ್ಕೆ 240 ಗ್ರಾಂ, ಸುತ್ತಲಿನ ಅಂಚಿಗೆ 60. ಅಂದರೆ 100 ಗ್ರಾಮಿನ ಮೂರು ಉಂಡೆ. ನಾಲ್ಕು ತನ್ನಿ ಅಂದೆ. ಚೀಟಿಯ ಮೇಲಿನ ಲಾಟ್ ನಂಬರ್ ನಾಲ್ಕಕ್ಕೂ ಒಂದೇ ಇರಬೇಕು ಅಂತಲೂ ಹೇಳಿದೆ. ಬಿಳಿಯಲ್ಲೂ ಒಂದು ಲಾಟಿಗೂ ಇನ್ನೊಂದಕ್ಕೂ ಛಾಯೆ ಬೇರೆ ಬರುತ್ತದೆ, ಈಗ ಅಜ್ಜಿಗೆ ಅದು ಕಾಣುತ್ತದೆ.

ಭಾನುವಾರ ಚಿಕ್ಕಮ್ಮ ದಾವಣಗೆರೆಗೆ ಹೋದರು. ಬಿಚ್ಚುವುದಿಲ್ಲ ಅಂದವರ ಕೈಗೇ ಅಜ್ಜಿ 14 ಚೌಕ ಕೊಟ್ಟು ಕೂರಿಸಿದರಂತೆ.

ಶಿವಮೊಗ್ಗ ಚಿಕ್ಕಮ್ಮ: ಎರಡು ಗಂಟೆಯಿಂದ ಕೂತಿದ್ದೇನೆ. ಅಮ್ಮ ಹಾಕಿದ ಗಂಟು ಬಿಚ್ಚುತ್ತಿಲ್ಲ. ಕಣ್ಣು ಕಾಣದಿದ್ದರೂ ಗಂಟು ಮಾತ್ರ ಹೇಗೆ ಇಷ್ಟು ಬಿಗಿಯಾಗಿ ಹಾಕಿದಳೋ.

ಶಿವಮೊಗ್ಗ ಚಿಕ್ಕಮ್ಮ: ಆರು ಚೌಕ ಆಯಿತು. ಬಿಚ್ಚಿದ ದಾರ ಶಾವಿಗೆ ಹಾಗೆ ಸುರುಳಿ ಸುರುಳಿ. ಇಸ್ತ್ರಿ ಮಾಡಲಾ?

ದಾವಣಗೆರೆ ಅತ್ತೆ: ಬೇಡ! ಇದು ಅಕ್ರಿಲಿಕ್, ಬಿಸಿ ತಾಗಿದರೆ ಜೀವ ಹೋಗುತ್ತದೆ. ನೀರಲ್ಲಿ ಅದ್ದಿ, ಹಿಂಡಿ, ಲಡಿ ಕಟ್ಟಿ ನೇತು ಹಾಕಬೇಕಂತೆ. ಕೆಳಗೆ ಭಾರಕ್ಕೆ ತಂಬಿಗೆ ಕಟ್ಟಿ ಅಂತ ಅಮ್ಮ ಒಳಗಿಂದ ಕೂಗುತ್ತಿದ್ದಾರೆ.

ಸಂಜೆ ಫೋಟೋ ಬಂತು. ಹಿತ್ತಲ ತಂತಿಯಲ್ಲಿ ನಾಲ್ಕು ಲಡಿ, ಎರಡು ಕಪ್ಪು, ಎರಡು ಕಡುನೀಲಿ. ಒಂದೊಂದರ ಕೆಳಗೂ ಒಂದೊಂದು ಸ್ಟೀಲ್ ತಂಬಿಗೆ ತೂಗುತ್ತಿದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಜ್ಜಿ ಕೂತಿದ್ದಾರೆ, ಕಪ್ಪು ಕನ್ನಡಕ ಇಲ್ಲದೆ.

ದಾವಣಗೆರೆ ಮಾವ: ಇದರಲ್ಲಿ ನೀಲಿ ಯಾವುದು?