ಪದಚರ್ಚೆ: ‘ಗೌರವಧನ’ ಅಂದರೆ ಸಂಬಳ ಅಲ್ವಾ?

ಎಲ್ಲರಿಗೂ ನಮಸ್ಕಾರ.

ನಾನು ಕೊಡಗಿನ ಸಿದ್ದಾಪುರದ ಕಡೆಯವಳು. ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯ ನಡಾವಳಿ ಪುಸ್ತಕ ಬರೆಯುವುದು ನಾನೇ. ಹೋದ ಸಲ ‘ಟೀಚರ್‌ಗೆ ಎರಡು ತಿಂಗಳ ಸಂಬಳ ಬಂದಿಲ್ಲ’ ಎಂದು ಬರೆದಿದ್ದೆ. ಪುಸ್ತಕ ಕಚೇರಿಗೆ ಹೋಗಿ ಬಂತು. ‘ಸಂಬಳ’ದ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ಗೌರವಧನ’. ಟೀಚರ್ ಅದನ್ನು ನೋಡಿ ಪುಸ್ತಕ ಮುಚ್ಚಿಟ್ಟರು, ಏನೂ ಹೇಳಲಿಲ್ಲ.

ನಮ್ಮಲ್ಲಿ ಗೌರವಧನ ಅಂದರೆ ಒಂದು ದಿನ ಬಂದು ಭಾಷಣ ಮಾಡಿದವರಿಗೆ, ವೇದಿಕೆಯಲ್ಲಿ ಉಮ್ಮತ್ತಾಟ್ (ಕೊಡವ ಹೆಂಗಸರ ಕುಣಿತ) ಆಡಿದ ತಂಡಕ್ಕೆ ಕವರಿನಲ್ಲಿಟ್ಟು ಕೊಡುವ ದುಡ್ಡು. ಅಲ್ಲಿ ಆ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆಯ) ಅಮ್ಮಂದಿರು ಬೆಳಿಗ್ಗೆಯೇ ತೋಟಕ್ಕೆ ಹೊರಡುತ್ತಾರೆ. ಅವರ ಮಕ್ಕಳ ಮೂಗು ಒರೆಸಿ, ಹಾಲಿನ ಪುಡಿ ಕದಡಿ ಕುಡಿಸಿ, ತೂಕ ನೋಡಿ ಬರೆದು, ಹಾಡು ಹೇಳಿಕೊಡುವುದು ಟೀಚರ್. ಇದು ತಿಂಗಳು ಪೂರ್ತಿ ನಡೆಯುವ ದುಡಿಮೆ.

1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದಾಗ ಈ ಟೀಚರ್‌ಗಳನ್ನು ಗೌರವ ಸೇವೆಯ ಕಾರ್ಯಕರ್ತೆಯರು ಎಂದು ತೆಗೆದುಕೊಂಡರು. ‘ಗೌರವ’ ಬಂದದ್ದು ಅಲ್ಲಿಂದ. ಶಾಲೆ ಓದುವ ಹುಡುಗಿಗೆ ಸರ್ಕಾರ ಕೊಡುವುದು ವಿದ್ಯಾರ್ಥಿ‘ವೇತನ’. ವಯಸ್ಸಾದ ಕಲಾವಿದರಿಗೆ ಕೊಡುವುದು ಮಾಸಾಶನ, ಅಂದರೆ ತಿಂಗಳ ಊಟ. ಎಂಥ ಚೆಂದದ ಪದ ಅದು! ದಿನಾ ದುಡಿಯುವವರಿಗೆ ಮಾತ್ರ ವೇತನವೂ ಇಲ್ಲ, ಅಶನವೂ ಇಲ್ಲ.

ಇದು ಸುಮ್ನೆ ಪದದ ಹಟ ಅಲ್ಲ. ವೇತನ ಅಂದರೆ ಅದರ ಜೊತೆ ಹಕ್ಕುಗಳೂ ಬರುತ್ತವೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡುಗಂಟು, ಸಿಗಬೇಕು ಎಂದಿತು. ಅವರು ಪಡೆಯುವ ಗೌರವಧನ 1972ರ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ವೇತನವೇ ಎಂದೂ ಹೇಳಿತು. ಕೋರ್ಟ್ ಒಪ್ಪಿದ ಅರ್ಥವನ್ನು ನಮ್ಮ ನಡಾವಳಿ ಪುಸ್ತಕ ಯಾಕೆ ಒಪ್ಪಬಾರದು?

ನನ್ನ ಪ್ರಶ್ನೆ ಇಷ್ಟು. ‘ಗೌರವಧನ’, ‘ಸಂಭಾವನೆ’ ಎರಡೂ ಒಂದೇ ಅರ್ಥದಲ್ಲಿ ಬಳಕೆಯಲ್ಲಿವೆಯೇ? ನಿಮ್ಮ ಜಿಲ್ಲೆಯ ಅಂಗನವಾಡಿಗಳಲ್ಲಿ ಜನ ಏನನ್ನುತ್ತಾರೆ? ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಯಾವುದೇ ಮನೆಮಾತಿನವರಾದರೂ ಕನ್ನಡದಲ್ಲಿ ಕೇಳುವುದು ‘ಟೀಚರ್‌ಗೆ ಸಂಬಳ ಆಯ್ತಾ?’ ಎಂದೇ.

ಮುಂದಿನ ವಾರ ಮತ್ತೆ ಸಭೆ ಇದೆ. ‘ಸಂಬಳ’ ಎಂದೇ ಬರೆಯಬೇಕೆಂದಿದ್ದೇನೆ. ಅದಕ್ಕೆ ಮೊದಲು ನಿಮ್ಮ ಅಭಿಪ್ರಾಯ ಬೇಕು.